ಆಟಿಯ ಮಣೆ, ಪರದೆಯ ಆಟ

ಮೂವತ್ತು ನಲವತ್ತು ವರ್ಷಗಳ ಹಿಂದಿನ ವಿಡಿಯೋ ಗೇಮುಗಳು ಇಂದಿನವರಿಗೂ ರುಚಿಸುತ್ತವೆಯೇ, ಅಥವಾ ಅವುಗಳ ಮೇಲಿನ ಪ್ರೀತಿ ಬರಿಯ ಬಾಲ್ಯದ ನೆನಪೇ ಎಂದು ಕೇಳುವವರು ಸಾಮಾನ್ಯವಾಗಿ ಅವನ್ನು ಹೊಸ ಗೇಮುಗಳ ಪಕ್ಕದಲ್ಲಿಟ್ಟು ಅಳೆಯುತ್ತಾರೆ. ಆದರೆ ಆಟವೊಂದು ಹಳತಾಗುವುದು ಹೇಗೆ, ಅದರಲ್ಲಿ ಯಾವುದು ಮೊದಲು ಸವೆಯುತ್ತದೆ, ಯಾವುದು ಸವೆಯದೆ ಉಳಿಯುತ್ತದೆ ಎಂಬುದನ್ನು ತಿಳಿಯಬೇಕಾದರೆ ಅವುಗಳಿಗಿಂತ ಬಹಳ ಹಿಂದಿನ ಆಟವೊಂದರ ಚರಿತ್ರೆಯನ್ನು ನೋಡುವುದು ಒಳ್ಳೆಯದು. ಕಾಪು ತಾಲೂಕಿನ ಇನ್ನಂಜೆ, ಅದಕ್ಕೆ ಹತ್ತಿರದ ಪಾಂಗಾಳ, ಶಂಕರಪುರಗಳಿಂದ ಹಿಡಿದು ಉಡುಪಿ, ಕಾರ್ಕಳಗಳವರೆಗಿನ ತುಳುನಾಡಿನ ಮನೆಗಳಲ್ಲಿ ಮಳೆಗಾಲಕ್ಕೆ ಅಟ್ಟದಿಂದ ಇಳಿಯುತ್ತಿದ್ದ ಚೆನ್ನೆಮಣೆ ಅಂಥ ಆಟ. ತುಳುವಿನಲ್ಲಿ ಬರಿದೆ ಚೆನ್ನೆ ಎಂದರೂ ಸಾಕು. ಘಟ್ಟದ ಮೇಲಿನ ಕನ್ನಡದಲ್ಲಿ ಇದು ಅಳಗುಳಿಮಣೆ, ತಮಿಳಿನಲ್ಲಿ ಪಲ್ಲಾಂಗುಳಿ. ಆಫ್ರಿಕ, ಅರಬ್ ನಾಡುಗಳು ಮತ್ತು ಏಷ್ಯದ ಹಲವೆಡೆ ಹಬ್ಬಿರುವ, ಗುಳಿಗಳಲ್ಲಿ ಬೀಜ ಹಂಚುತ್ತ ಹೋಗುವ ಆಟಗಳನ್ನೆಲ್ಲ ವಿದ್ವಾಂಸರು ಮಂಕಾಲ ಎಂಬ ಒಂದೇ ಕುಲದ ಹೆಸರಿನಿಂದ ಕರೆಯುತ್ತಾರೆ.

ಚೆನ್ನೆಗೆ ಕಾಲದ ಕಟ್ಟು ಇತ್ತು. ತುಳು ಪಂಚಾಂಗದ ಆಟಿ ತಿಂಗಳು, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಸೌರಮಾಸ, ಕರಾವಳಿಯ ಬೇಸಾಯದ ಬದುಕಿನಲ್ಲಿ ತೆರಪಿನ ಕಾಲವೂ ಹೌದು, ಬಡತನದ ಕಾಲವೂ ಹೌದು. ಮಳೆಗಾಲದ ಬೆಳೆಯಾದ ಏಣೆಲಿನ ನಾಟಿ ಅಷ್ಟರಲ್ಲಿ ಮುಗಿದಿರುತ್ತದೆ, ಕಣಜದ ಅಕ್ಕಿ ತಳ ಕಾಣುತ್ತದೆ, ಕಡಲು ಅಬ್ಬರಿಸುವುದರಿಂದ ದೋಣಿಗಳು ದಡ ಸೇರುತ್ತವೆ, ಶಂಕರಪುರದ ಮಲ್ಲಿಗೆಯ ಗಿಡಗಳೂ ಮಳೆಗೆ ಹೂ ಕಡಿಮೆ ಮಾಡುತ್ತವೆ. ಶುಭಕಾರ್ಯಗಳಿಗೆ ಸಲ್ಲದ ಈ ತಿಂಗಳಲ್ಲಿ ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬಂದು ಉಳಿಯುತ್ತಿದ್ದರು. ಹೊರಗೆ ಕಾಲಿಡಲಾಗದ ಮಳೆ, ಮನೆ ತುಂಬ ಹೆಂಗಸರು ಮಕ್ಕಳು, ಕೈಗೆ ಕೆಲಸವಿಲ್ಲದ ಮಧ್ಯಾಹ್ನಗಳು: ಚೆನ್ನೆಮಣೆ ಇಳಿಯುತ್ತಿದ್ದುದು ಆಗ. ಆಟಿ ಕಳೆದ ಮೇಲೆ ಅದು ಮತ್ತೆ ಅಟ್ಟಕ್ಕೆ ಹೋಗುತ್ತಿತ್ತು, ಬೇರೆ ತಿಂಗಳಲ್ಲಿ ಆಡಿದರೆ ಒಳಿತಲ್ಲ ಎಂಬ ಮಾತೂ ಇತ್ತು. ದುಡಿಮೆಯ ದಿನಗಳಿಗೆ ಆಟ ನುಗ್ಗದಂತೆ ತಡೆಯಲು ಹಿರಿಯರು ಕಟ್ಟಿದ ಬೇಲಿ ಇದು ಎಂದು ಸುಲಭವಾಗಿ ಊಹಿಸಬಹುದು.

ಮಣೆ ಸಾಮಾನ್ಯವಾಗಿ ಹಲಸಿನಂಥ ಗಟ್ಟಿ ಮರದ್ದು. ಅದರಲ್ಲಿ ಏಳೇಳು ಗುಳಿಗಳ ಎರಡು ಸಾಲು, ಕೆಲವು ಮಣೆಗಳಲ್ಲಿ ಗೆದ್ದ ಕಾಯಿಗಳನ್ನಿಡಲು ಎರಡು ತುದಿಗಳಲ್ಲಿ ಇನ್ನೊಂದೊಂದು ದೊಡ್ಡ ಗುಳಿ. ಕಾಯಿಗಳೆಂದರೆ ಮಂಜೊಟ್ಟಿ, ಅಂದರೆ ಆನೆಗುಲಗಂಜಿಯ ಹೊಳೆಯುವ ಕೆಂಪು ಬೀಜಗಳು, ಅವು ಸಿಗದಿದ್ದರೆ ಹುಣಸೆಬೀಜಗಳು. ಗುಳಿಗೆ ನಾಲ್ಕರಂತೆ ಹದಿನಾಲ್ಕು ಗುಳಿಗಳಿಗೆ ಒಟ್ಟು 56 ಕಾಯಿ ಬೇಕು. ಎದುರುಬದುರು ಕುಳಿತ ಇಬ್ಬರಿಗೂ ತಮ್ಮ ತಮ್ಮ ಬದಿಯ ಏಳು ಗುಳಿಗಳು ಸ್ವಂತ. ನಿಯಮಗಳು ಊರಿಂದ ಊರಿಗೆ ಬದಲಾಗುತ್ತವೆಯಾದರೂ ಎಲ್ಲಕ್ಕೂ ಬುಡದಲ್ಲಿರುವ ನಡೆ ಒಂದೇ: ತನ್ನ ಒಂದು ಗುಳಿಯ ಕಾಯಿಗಳನ್ನೆಲ್ಲ ತೆಗೆದು ಮುಂದಿನ ಗುಳಿಗಳಿಗೆ ಒಂದೊಂದರಂತೆ ಹಾಕುತ್ತ ಹೋಗುವುದು, ಕೈ ಖಾಲಿಯಾದಾಗ ಅದರ ಮುಂದಿನ ಗುಳಿಯನ್ನು ಎತ್ತಿ ಮತ್ತೆ ಹಾಕುವುದು, ಎತ್ತಬೇಕಾದ ಗುಳಿಯೇ ಬರಿದಾಗಿದ್ದರೆ ಅದರಾಚೆಯ ಗುಳಿಯಲ್ಲಿರುವುದನ್ನು ಗೆದ್ದುಕೊಂಡು ನಡೆಯನ್ನು ಎದುರಾಳಿಗೆ ಬಿಡುವುದು.

ಇಷ್ಟೇ ಸರಳವಾದ ಈ ನಡೆಯೊಳಗೆ ಏನಿದೆ ಎಂಬುದನ್ನು ಮೊದಲನೆಯ ಸರದಿಯಲ್ಲೇ ಕಾಣಬಹುದು. ಗುಳಿಗೆ ನಾಲ್ಕರಂತೆ ತುಂಬಿದ ಮಣೆಯ ಒಂದು ತುದಿಯಿಂದ ಹೊರಟರೆ ಕೈ ಮೊದಲ ಮೂರು ಬಾರಿ ನಾಲ್ಕು ನಾಲ್ಕು ಕಾಯಿಗಳನ್ನು ಎತ್ತುತ್ತದೆ, ಬಳಿಕ ತಾನೇ ತುಂಬಿಸಿದ ಗುಳಿಗಳನ್ನು ಮುಟ್ಟಿ ಮೂರು ಬಾರಿ ಐದೈದು ಎತ್ತುತ್ತದೆ, ಕೊನೆಗೆ ಒಂದೇ ಒಂದು ಕಾಯಿಯನ್ನೆತ್ತಿ ಪಕ್ಕದ ಗುಳಿಗೆ ಹಾಕಿ ನಿಲ್ಲುತ್ತದೆ. ಏಳು ಬಾರಿ ಎತ್ತಿದ ಕೈ ಅಷ್ಟರಲ್ಲಿ 28 ಕಾಯಿ ಹಾಕಿರುತ್ತದೆ, ಮುಂದಿನ ಗುಳಿ ಬರಿದಾಗಿರುತ್ತದೆ, ಅದರಾಚೆ ಆರು ಕಾಯಿಗಳ ಗಳಿಕೆ ಕಾದಿರುತ್ತದೆ. ಆರಂಭದಲ್ಲಿ ಎಲ್ಲ ಗುಳಿಗಳೂ ಸಮನಾಗಿರುವುದರಿಂದ ಯಾವ ಗುಳಿಯಿಂದ ಹೊರಟರೂ ಫಲ ಇದೇ ಆರು. ಆದರೆ ಆ ಆರು ಯಾವ ಕಡೆಯ ಸಾಲಿನಿಂದ ಹೋಗುತ್ತವೆ, ಉಳಿದವು ಯಾರ ಕಡೆ ರಾಶಿಯಾಗುತ್ತವೆ ಎಂಬುದು ಮಾತ್ರ ಹೊರಟ ಜಾಗವನ್ನು ಅವಲಂಬಿಸಿದೆ. ಎರಡನೆಯ ಸರದಿಗೆ ಬರುವಾಗ ಈ ಸಮತೆ ಮುರಿದಿರುತ್ತದೆ, ಅಲ್ಲಿಂದ ಮುಂದೆ ಎತ್ತು ಎತ್ತಿಗೂ ಬದಲಾಗುವ ಮಣೆಯನ್ನು ಮನಸ್ಸಿನಲ್ಲೇ ಓಡಿಸಿ ನೋಡಬಲ್ಲವರು ಗೆಲ್ಲುತ್ತಾರೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯಂದಿರು ಒಂದು ನೋಟಕ್ಕೆ ಹತ್ತಾರು ಗುಳಿಗಳಾಚೆಯ ಫಲವನ್ನು ಕಾಣುತ್ತಿದ್ದುದು ಉತ್ತಮ ದರ್ಜೆಯ ಗಣಿತಾಭ್ಯಾಸವೇ ಆಗಿತ್ತು, ಅದಕ್ಕೆ ಆ ಹೆಸರು ಸಿಗಲಿಲ್ಲ ಅಷ್ಟೆ.

ಒಂದೇ ಮಣೆಯ ಮೇಲೆ ಅರಸು ಆಟ, ಜೋಡು ಪೆರ್ಗ ಮುಂತಾದ ಹಲವು ಬಗೆಗಳಿದ್ದವು, ಒಬ್ಬಂಟಿಯಾಗಿ ಆಡುವ ಸೀತೆಯಾಟವೂ ಇತ್ತು. ಅಶೋಕವನದಲ್ಲಿ ಸೀತೆ ಹೊತ್ತು ಕಳೆಯಲು ಆಡಿದ್ದು ಇದನ್ನೇ ಎಂದು ಜನ ಹೇಳಿಕೊಳ್ಳುತ್ತಾರೆ.

ಚೆನ್ನೆಯನ್ನು ಬರಿಯ ಕಾಲಕ್ಷೇಪವೆಂದು ತುಳುವರು ಎಂದೂ ಭಾವಿಸಿರಲಿಲ್ಲ ಎಂಬುದಕ್ಕೆ ಸಿರಿ ಪಾಡ್ದನವೇ ಸಾಕ್ಷಿ. ಪಾಡ್ದನವೆಂದರೆ ದೈವಗಳ ಮತ್ತು ವೀರರ ಹುಟ್ಟುಬದುಕನ್ನು ಹಾಡುವ ಮೌಖಿಕ ಕಾವ್ಯ. ಸತ್ಯನಾಪುರದ ಸಿರಿ, ಅವಳ ಮಗಳು ಸೊನ್ನೆ, ಸೊನ್ನೆಯ ಅವಳಿ ಹೆಣ್ಣುಮಕ್ಕಳಾದ ಅಬ್ಬಗ ಮತ್ತು ದಾರಗ ಎಂದು ಮೂರು ತಲೆಮಾರು ಹರಿಯುವ ಈ ಕಥೆಯ ಕೊನೆಯಲ್ಲಿ ಅಕ್ಕತಂಗಿಯರು ಚೆನ್ನೆಗೆ ಕೂರುತ್ತಾರೆ, ಸೋಲುಗೆಲುವಿನ ಮಾತು ಜಗಳವಾಗುತ್ತದೆ, ಅಕ್ಕ ಅದೇ ಮಣೆಯಿಂದ ತಂಗಿಯ ತಲೆಗೆ ಹೊಡೆಯುತ್ತಾಳೆ, ತಂಗಿ ಸತ್ತದ್ದನ್ನು ಕಂಡು ಅವಳನ್ನು ಬಾವಿಗೆ ಹಾಕಿ ತಾನೂ ಹಾರುತ್ತಾಳೆ. ಅಕ್ಕತಂಗಿಯರು ಎದುರುಬದುರು ಕುಳಿತು ಚೆನ್ನೆ ಆಡಬಾರದು ಎಂಬ ನಂಬಿಕೆ ಈ ಕಥೆಗೆ ಅಂಟಿಕೊಂಡೇ ಬಂದಿದೆ. ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಅಳಿಯಸಂತಾನದ ಕುಟುಂಬಗಳಲ್ಲಿ ಮನೆಯ ಕವಲುಗಳು ಒಡೆಯುತ್ತಿದ್ದುದು ಒಡಹುಟ್ಟಿದ ಹೆಂಗಸರ ಸಂತತಿಯ ನಡುವೆಯೇ ಎಂಬುದನ್ನು ನೆನೆದರೆ, ಸಮನಾಗಿ ಹಂಚಿಟ್ಟ ಕಾಯಿಗಳು ಒಬ್ಬಳ ಸಾಲು ಬರಿದಾಗಿ ಇನ್ನೊಬ್ಬಳ ಕಡೆ ರಾಶಿಯಾಗುವ ಈ ಆಟ ಎಷ್ಟು ಹರಿತವಾದ ರೂಪಕವೆಂಬುದು ಹೊಳೆಯುತ್ತದೆ. ಅಮೆರಿಕದ ಮಾನವಶಾಸ್ತ್ರಜ್ಞ ಪೀಟರ್ ಕ್ಲಾಸ್ 1986ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಚೆನ್ನೆಯ ಅರ್ಥಗಳನ್ನು ಸಿರಿ ಕಥೆಯೊಂದಿಗೆ ಇಟ್ಟು ಪರಿಶೀಲಿಸಿದರು. ಫಿನ್‌ಲ್ಯಾಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಅವರು ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ, ಅನೆಲಿ ಹೊಂಕೊ ಅವರೊಡನೆ 1990ರ ಡಿಸೆಂಬರ್‌ನಲ್ಲಿ ಪಾಡ್ದನಗಾರ ಗೋಪಾಲ ನಾಯ್ಕರಿಂದ ಧ್ವನಿಮುದ್ರಿಸಿಕೊಂಡು 1998ರಲ್ಲಿ ಪ್ರಕಟಿಸಿದ ಸಿರಿ ಕಾವ್ಯದ ಪಾಠ 15,683 ಸಾಲುಗಳಷ್ಟಿದೆ. ಆಟವೊಂದಕ್ಕೆ ಇಷ್ಟು ದೊಡ್ಡ ಕಾವ್ಯದ ದುರಂತವನ್ನು ಹೊರಿಸಿದ ಸಮಾಜಗಳು ಹೆಚ್ಚಿಲ್ಲ.

ಹೀಗೆ ಋತುವಿಗೂ ನಂಟಿಗೂ ದೈವಕ್ಕೂ ಬಿಗಿದುಕೊಂಡಿದ್ದ ಚೆನ್ನೆಯ ಕುಲಕ್ಕೆ ಸೇರಿದ ಆಟವೊಂದು ಕಂಪ್ಯೂಟರಿನ ಮೊದಲ ದಿನಗಳಲ್ಲೇ ಯಂತ್ರದೊಳಕ್ಕೆ ಹೋದದ್ದು ಚರಿತ್ರೆಯ ಕುತೂಹಲಕರ ತಿರುವು. ಅಮೆರಿಕದ ವಿಲಿಯಂ ಜೂಲಿಯಸ್ ಚಾಂಪಿಯನ್ 1940ರಲ್ಲಿ ಮಂಕಾಲವನ್ನು ಸರಳಗೊಳಿಸಿ ಕಲಾಹ್ ಎಂಬ ಆಟವನ್ನು ರೂಪಿಸಿದ್ದರು. 1964ರಲ್ಲಿ, ಅಂದರೆ ವಿಡಿಯೋ ಗೇಮುಗಳನ್ನು ಜನಸಾಮಾನ್ಯರಿಗೆ ಪರಿಚಯಿಸಿದ ಪಾಂಗ್ 1972ರಲ್ಲಿ ಬರುವುದಕ್ಕೆ ಎಂಟು ವರ್ಷ ಮೊದಲೇ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕಲಾಹ್ ಆಡುವ ಪ್ರೋಗ್ರಾಮ್ ಸಿದ್ಧವಾಗಿತ್ತು. 2002ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಜಾನ್ ರೊಮೈನ್ ಮತ್ತು ಹೆನ್ರಿ ಬಾಲ್ ಅವರು ಹನ್ನೆರಡು ಗುಳಿ, 48 ಕಾಯಿಗಳ ಅವಾರಿ ಎಂಬ ಆಫ್ರಿಕದ ಆಟದ ಸುಮಾರು 88,906 ಕೋಟಿ ಸ್ಥಿತಿಗಳನ್ನೂ ಲೆಕ್ಕಹಾಕಿಸಿ, ಇಬ್ಬರೂ ತಪ್ಪಿಲ್ಲದೆ ಆಡಿದರೆ ಆಟ ಸಮವಾಗುತ್ತದೆ ಎಂದು ತೋರಿಸಿದರು. ಅವಾರಿಯಲ್ಲಿ ಒಂದು ಸರದಿಗೆ ಒಂದೇ ಎತ್ತು. ಚೆನ್ನೆಯಲ್ಲಿ ಎತ್ತಿನ ಮೇಲೆ ಎತ್ತು ಬರುವುದರಿಂದ ಮನುಷ್ಯನ ಮನಸ್ಸಿಗೆ ಅದನ್ನು ಮುಂದಾಗಿ ಕಾಣುವುದು ಇನ್ನೂ ಕಷ್ಟ. ನಿಯಮದ ಗಟ್ಟಿತನದ ಪರೀಕ್ಷೆ ಇದಾಗಿದ್ದರೆ ಮಂಕಾಲದ ಕುಲ ಅದರಲ್ಲಿ ತೇರ್ಗಡೆಯಾಗಿದೆ.

ಕರಾವಳಿಯ ಮನೆಗಳಿಗೆ ವಿಡಿಯೋ ಗೇಮ್ ಬಂದದ್ದು ಟಿ.ವಿ.ಯ ಹಿಂದೆಯೇ. ಮುಂಬಯಿಯಿಂದಲೂ ಕೊಲ್ಲಿ ನಾಡುಗಳಿಂದಲೂ ರಜೆಗೆ ಬರುವ ಬಂಧುಗಳ ಪೆಟ್ಟಿಗೆಗಳಲ್ಲಿ, 1990ರ ದಶಕದಲ್ಲಿ ಪೇಟೆಯ ಅಂಗಡಿಗಳಲ್ಲಿ ಮತ್ತು ಜಾತ್ರೆಯ ಸಂತೆಗಳಲ್ಲಿ ಎರಡು ಬಗೆಯವು ಕಾಣಿಸಿಕೊಂಡವು: ಕ್ಯಾಸೆಟ್ ಎಂದೇ ಎಲ್ಲರೂ ಕರೆಯುತ್ತಿದ್ದ ಪ್ಲಾಸ್ಟಿಕ್ ಪೆಟ್ಟಿಗೆ ಸಿಕ್ಕಿಸಿ ಟಿ.ವಿ.ಗೆ ಜೋಡಿಸುವ ಸೆಟ್ಟುಗಳು ಮತ್ತು ಅಂಗೈಯಲ್ಲಿ ಹಿಡಿಯುವ ಬ್ರಿಕ್ ಗೇಮ್. ಬ್ರಿಕ್ ಗೇಮಿನ ಮೂಲ ಟೆಟ್ರಿಸ್. ಅದನ್ನು 1980ರ ದಶಕದ ನಡುವೆ ಮಾಸ್ಕೋದಲ್ಲಿ ಅಲೆಕ್ಸಿ ಪಾಜಿತ್ನೋವ್ ಬರೆದದ್ದು ಚಿತ್ರ ಮೂಡಿಸಲಾಗದ, ಅಕ್ಷರಗಳನ್ನಷ್ಟೇ ತೋರಿಸಬಲ್ಲ ಎಲೆಕ್ಟ್ರೋನಿಕಾ 60 ಎಂಬ ಕಂಪ್ಯೂಟರಿನಲ್ಲಿ. ಬೀಳುವ ಇಟ್ಟಿಗೆಗಳನ್ನು ಅವರು ಕಂಸಚಿಹ್ನೆಗಳಿಂದ ಕಟ್ಟಿದ್ದರು. ಚಿತ್ರವೇ ಇಲ್ಲದೆ ಹುಟ್ಟಿದ ಆಟ ಚಿತ್ರ ಹಳತಾದುದರಿಂದ ಸಾಯಲಾರದು. ಕ್ಯಾಸೆಟ್ ಸೆಟ್ಟುಗಳಲ್ಲಿ ಆಡುತ್ತಿದ್ದ ಸೂಪರ್ ಮಾರಿಯೋ ಬ್ರದರ್ಸ್ (1985) ಇಡಿಯಾಗಿ 40 ಕಿಲೋಬೈಟಿನಷ್ಟರಲ್ಲಿ ಅಡಗಿದೆ, ಇಂದಿನ ಫೋನಿನಲ್ಲಿ ತೆಗೆದ ಒಂದು ಫೋಟೋ ಅದಕ್ಕಿಂತ ಹಲವು ಪಟ್ಟು ದೊಡ್ಡದು; ಆದರೂ ಓಡಿ ಹಾರುವಾಗ ವೇಗಕ್ಕೆ ತಕ್ಕಂತೆ ಬದಲಾಗುವ ನೆಗೆತದ ಹದ ಇಂದಿನ ಮಕ್ಕಳ ಬೆರಳಿಗೂ ಹಿಡಿಸುತ್ತದೆ.

ಅದೇ ಸೆಟ್ಟುಗಳೊಂದಿಗೆ ಬರುತ್ತಿದ್ದ ಬಂದೂಕಿನ ಗತಿ ಬೇರೆ. ಬಾತುಕೋಳಿಗಳನ್ನು ಹೊಡೆಯುವ ಡಕ್ ಹಂಟ್ (1984) ಆಟದಲ್ಲಿ ಕುದುರೆ ಒತ್ತಿದ ಕ್ಷಣ ಪರದೆ ಕಪ್ಪಾಗಿ, ಮರುಕ್ಷಣ ಕೋಳಿಯಿದ್ದ ಜಾಗ ಮಾತ್ರ ಬೆಳ್ಳಗೆ ಮಿನುಗುತ್ತದೆ, ಬಂದೂಕಿನೊಳಗಿನ ಬೆಳಕು ಗ್ರಹಿಸುವ ಸಾಧನ ಆ ಮಿನುಗನ್ನು ಕಂಡರೆ ಗುರಿ ತಾಗಿತೆಂದು ಲೆಕ್ಕ. ಈ ಉಪಾಯ ನಡೆಯುವುದು ಗಾಜಿನ ಕೊಳವೆಯ ಹಳೆಯ ಟಿ.ವಿ.ಯ ಮಿಂಚಿನ ವೇಗದಲ್ಲಿ. ಚಿತ್ರವನ್ನು ತುಸು ತಡವಾಗಿ ತೋರಿಸುವ ಚಪ್ಪಟೆ ಟಿ.ವಿ.ಯ ಮುಂದೆ ಆ ಬಂದೂಕು ಕುರುಡು. ನಿಯಮ ಕೆಟ್ಟಿಲ್ಲ, ಆಟ ಊರಿ ನಿಂತಿದ್ದ ನೆಲ ಸರಿದಿದೆ. ಅಮೆರಿಕದ ವಿಡಿಯೋ ಗೇಮ್ ಇತಿಹಾಸ ಪ್ರತಿಷ್ಠಾನ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕೆ ಮೊದಲು ಆ ದೇಶದಲ್ಲಿ ಬಿಡುಗಡೆಯಾದ ಹಳೆಯ ಗೇಮುಗಳಲ್ಲಿ ಶೇ. 87ರಷ್ಟು ಆಗ ಮಾರುಕಟ್ಟೆಯಲ್ಲಿ ಸಿಗುತ್ತಿರಲಿಲ್ಲ. ಒಡೆತನದ ಹಕ್ಕು ಕಂಪನಿಗಳ ಕೈಯಲ್ಲಿದ್ದು ಮಾರಾಟ ನಿಂತುಹೋದ ಆಟ ಎಷ್ಟೇ ಚೆನ್ನಾಗಿದ್ದರೂ ಹೊಸಬರ ಕೈ ತಲುಪುವ ದಾರಿ ಕಿರಿದು. ಚೆನ್ನೆಗೆ ಒಡೆಯರಿಲ್ಲ. ಮಣೆ ಇಲ್ಲದಿದ್ದರೆ ಅಂಗಳದ ಮಣ್ಣಿನಲ್ಲಿ ಹದಿನಾಲ್ಕು ಕುಳಿ ತೋಡಿದರಾಯಿತು.

ಆದರೂ ಚೆನ್ನೆ ಮನೆಗಳಿಂದ ಹಿಂದೆ ಸರಿದದ್ದು ನಿಜ, ಮತ್ತು ಅದು ಸರಿದ ಬಗೆ ಬಂದೂಕಿನದನ್ನೇ ಹೋಲುತ್ತದೆ. ಕೂಡುಕುಟುಂಬಗಳು ಒಡೆದವು, ಏಣೆಲಿನ ಗದ್ದೆಗಳು ಬಹಳಷ್ಟು ಕಡೆ ಬೇಸಾಯವಿಲ್ಲದೆ ಹಡೀಲು ಬಿದ್ದವು, ಆಟಿಯಲ್ಲೂ ಶಾಲೆ ಕಚೇರಿಗಳು ನಡೆಯುವುದರಿಂದ ತಿಂಗಳಿಡೀ ತೆರಪೆಂಬುದು ಯಾರಿಗೂ ಉಳಿಯಲಿಲ್ಲ. ಈಗ ಆಟಿ ಬಂದಾಗ ಊರಿನ ಶಾಲೆ ಸಂಘಗಳಲ್ಲೂ ಮುಂಬಯಿಯ ತುಳು ಕೂಟಗಳಲ್ಲೂ ‘ಆಟಿಡೊಂಜಿ ದಿನ’ ಎಂಬ ಕಾರ್ಯಕ್ರಮ ನಡೆಯುತ್ತದೆ. ಪತ್ರೊಡೆ, ಕಣಿಲೆಯ ಪದಾರ್ಥಗಳ ಪಕ್ಕದ ಮೇಜಿನ ಮೇಲೆ ಚೆನ್ನೆಮಣೆಯನ್ನೂ ಇಟ್ಟಿರುತ್ತಾರೆ. ನೆನಪನ್ನು ಉಳಿಸುವ ಆ ಶ್ರಮ ಗೌರವಕ್ಕೆ ಯೋಗ್ಯವಾದದ್ದೇ, ಆದರೆ ಒಂದು ಮಧ್ಯಾಹ್ನದಲ್ಲಿ ಮಣೆಯನ್ನು ಮುಟ್ಟಿ ನೋಡಬಹುದಲ್ಲದೆ ಹತ್ತು ಗುಳಿಗಳಾಚೆ ಕಾಣಲು ಕಲಿಯಲಾಗದು. ಅಳಗುಳಿಮಣೆ, ಪಲ್ಲಾಂಗುಳಿ, ಮಂಕಾಲ ಎಂಬ ಹೆಸರಿನ ಮೊಬೈಲ್ ಆಟಗಳಲ್ಲಿ ನಿಯಮಕ್ಕೆ ಕುಂದಿಲ್ಲ, ಯಂತ್ರ ಲೆಕ್ಕವನ್ನೂ ತಪ್ಪುವುದಿಲ್ಲ. ಆದರೆ ಅವುಗಳಲ್ಲಿ ಸಾಮಾನ್ಯವಾಗಿ ಪ್ರತಿ ಗುಳಿಯ ಮೇಲೂ ಕಾಯಿಗಳ ಸಂಖ್ಯೆ ಬರೆದೇ ಇರುತ್ತದೆ. ಮಣೆಯ ಮೇಲೆ ಆ ಸಂಖ್ಯೆಯನ್ನು ಕಣ್ಣು ರಾಶಿಯ ಆಕಾರದಿಂದ ಹಿಡಿಯುತ್ತಿತ್ತು, ಮುಷ್ಟಿ ತೂಕದಿಂದ ತಿಳಿಯುತ್ತಿತ್ತು, ಮರಕ್ಕೆ ಬೀಜ ಬೀಳುವ ಸದ್ದಿನಿಂದ ಎದುರು ಕುಳಿತವರೂ ಎಣಿಸುತ್ತಿದ್ದರು.

ಇನ್ನಂಜೆಯಿಂದ ದೂರವಿಲ್ಲದ ಪಾಂಗಾಳದ ಆಲಡೆಯಲ್ಲಿ, ಅಂದರೆ ಸಿರಿಯ ಆರಾಧನೆಯ ನೆಲೆಯಲ್ಲಿ, ಹಿರಿಯಡ್ಕದಲ್ಲಿ, ಕಾರ್ಕಳ ಕಡೆಯ ನಂದಳಿಕೆಯಲ್ಲಿ ವರ್ಷಕ್ಕೊಮ್ಮೆ ಸಿರಿ ಜಾತ್ರೆ ನಡೆಯುತ್ತದೆ. ಕೈಯಲ್ಲಿ ಹಿಂಗಾರ ಹಿಡಿದ ಹೆಂಗಸರ ಮೈಮೇಲೆ ಸಿರಿಯೂ ಸೊನ್ನೆಯೂ ಬರುವ ಆ ರಾತ್ರಿಗಳಲ್ಲಿ ಅಬ್ಬಗ ದಾರಗರೂ ಬರುತ್ತಾರೆ. ಚೆನ್ನೆಮಣೆ ಅಟ್ಟದಲ್ಲೇ ಉಳಿದ ಮನೆಗಳಿಂದ ಬಂದ ಹೆಂಗಸರೂ ಅಲ್ಲಿ ಆ ಇಬ್ಬರನ್ನು ಹೆಸರು ಹಿಡಿದು ಕರೆಯುತ್ತಾರೆ.