ಕುಡಿತ ಬಿಡೋಕೆ ಇನ್ನೊಬ್ಬ ಕುಡುಕ ಬೇಕಾಗಿದ್ದ: ಎಎ ಸಭೆಗಳ ಕಥೆ

ಇವತ್ತಿನ ಕಥೆ ಶುರುವಾಗೋದು ಒಂದು ಫೋನ್ ಕರೆಯಿಂದ.

1935ರ ಮೇ 11, ಶನಿವಾರ. ಅಮೆರಿಕದ ಒಹಾಯೋ ರಾಜ್ಯದ ಆಕ್ರನ್, ಟೈರ್ ಕಾರ್ಖಾನೆಗಳ ಊರು. ಅಲ್ಲಿನ ಮೇಫ್ಲವರ್ ಹೋಟೆಲ್ ಲಾಬಿಯಲ್ಲಿ ಬಿಲ್ ವಿಲ್ಸನ್ ಅನ್ನೋ 39 ವರ್ಷದ ಮನುಷ್ಯ ಅತ್ತಿಂದಿತ್ತ ಓಡಾಡ್ತಾ ಇದ್ದಾನೆ. ನ್ಯೂಯಾರ್ಕಿನ ಷೇರುಪೇಟೆಯವನು. ಬಂದ ವ್ಯವಹಾರ ಕೈಕೊಟ್ಟಿದೆ. ಕುಡಿತ ಬಿಟ್ಟು ಐದು ತಿಂಗಳಾಗಿದೆ, ಅಷ್ಟೇ. ಲಾಬಿಯ ಒಂದು ಕಡೆ ಬಾರ್, ಅಲ್ಲಿಂದ ನಗು ಕೇಳಿಸ್ತಿದೆ. ಇನ್ನೊಂದು ಕಡೆ ಟೆಲಿಫೋನ್, ಪಕ್ಕದಲ್ಲಿ ಊರಿನ ಚರ್ಚುಗಳ ಪಟ್ಟಿ.

ಬಿಲ್ ಫೋನ್ ಕಡೆ ಹೋದ. ಒಬ್ಬ ಪಾದ್ರಿಗೆ ಕರೆ ಮಾಡಿ ಕೇಳಿದ್ದು ವಿಚಿತ್ರವಾದ ಸಹಾಯ: ನನಗೆ ಈ ಊರಿನ ಒಬ್ಬ ಕುಡುಕನ ಜೊತೆ ಮಾತಾಡ್ಬೇಕು.

ಯಾಕೆ ಹಾಗೆ ಕೇಳಿದ? ಹಿಂದಿನ ಐದು ತಿಂಗಳಲ್ಲಿ ಅವನು ನ್ಯೂಯಾರ್ಕಿನಲ್ಲಿ ಎಷ್ಟೋ ಕುಡುಕರಿಗೆ ಬುದ್ಧಿ ಹೇಳಿದ್ದ. ಒಬ್ಬರೂ ಕುಡಿತ ಬಿಟ್ಟಿರಲಿಲ್ಲ. ಆದರೆ ಅವರ ಹಿಂದೆ ಓಡಾಡಿದ ಅಷ್ಟೂ ದಿನ ಬಿಲ್ ತಾನು ಕುಡಿದಿರಲಿಲ್ಲ! ಹಾಗಾಗಿ ಆ ಸಂಜೆ ಅವನು ಹುಡುಕಿದ್ದು ಉದ್ಧಾರ ಮಾಡೋಕೆ ಒಬ್ಬ ಬಡಪಾಯಿಯನ್ನಲ್ಲ. ತಾನು ಉಳೀಬೇಕಿತ್ತು, ಅದಕ್ಕೆ ಜೊತೆ ಬೇಕಿತ್ತು.

ಪಾದ್ರಿ ಕೊಟ್ಟ ಹೆಸರುಗಳ ಬೆನ್ನು ಹತ್ತಿ ಒಂದಾದ ಮೇಲೊಂದು ಕರೆ ಮಾಡಿ, ಕೊನೆಗೆ ಹೆನ್ರಿಯೆಟ್ಟಾ ಸೀಬರ್ಲಿಂಗ್ ಎಂಬ ಮಹಿಳೆ ಸಿಕ್ಕಿದರು. ಅವರಿಗೆ ಪರಿಚಯದ ಒಬ್ಬ ಸರ್ಜನ್ ಇದ್ದರು, ಡಾಕ್ಟರ್ ಬಾಬ್ ಸ್ಮಿತ್. ಕುಡಿತದಿಂದ ವೃತ್ತಿಯೇ ಹಾಳಾಗ್ತಿತ್ತು. ಆ ದಿನವೂ ಬರುವ ಸ್ಥಿತಿಯಲ್ಲಿರಲಿಲ್ಲ. ಮರುದಿನ ಸಂಜೆ 5ಕ್ಕೆ ಬಂದರು, ಹದಿನೈದೇ ನಿಮಿಷ ಅನ್ನೋ ಷರತ್ತಿನ ಮೇಲೆ. ಎದ್ದಾಗ ರಾತ್ರಿ 11 ದಾಟಿತ್ತು.

ಬಾಬ್ ಡಾಕ್ಟರು. ಮದ್ಯ ದೇಹಕ್ಕೆ ಏನು ಮಾಡುತ್ತೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಉಪದೇಶ ಕೇಳಿ ಕೇಳಿ ಸಾಕಾಗಿತ್ತು. ಬಿಲ್ ಉಪದೇಶ ಮಾಡಲಿಲ್ಲ, ತನ್ನ ಕಥೆ ಹೇಳಿದ. ತನ್ನ ಹಾಗೇ ಕುಡಿದು ಬಿದ್ದವನ ಬಾಯಿಂದ ಬಂದ ಮಾತು ಬಾಬ್‌ಗೆ ನಾಟಿತು. ಮಧ್ಯೆ ಒಮ್ಮೆ ಜಾರಿದರು. ಆಮೇಲೆ ಜೂನ್ 10ರಂದು ಕೊನೆಯ ಸಲ ಕುಡಿದರು. ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದ್ರೆ ಎಎ, ಅದೇ ದಿನವನ್ನು ತನ್ನ ಹುಟ್ಟುದಿನ ಅನ್ನುತ್ತೆ.

ಕುಡುಕರು ಒಟ್ಟಿಗೆ ಸೇರಿದ್ದು ಅದೇ ಮೊದಲಲ್ಲ. 1840ರಲ್ಲಿ ಬಾಲ್ಟಿಮೋರಿನ ಒಂದು ಹೆಂಡದಂಗಡಿಯಲ್ಲೇ ಆರು ಗೆಳೆಯರು ಕುಡಿತ ಬಿಡುವ ಪಣ ತೊಟ್ಟು 'ವಾಷಿಂಗ್ಟೋನಿಯನ್ನರು' ಅಂತ ಸಂಘ ಕಟ್ಟಿದ್ದರು. ಕೆಲವೇ ವರ್ಷಗಳಲ್ಲಿ ಲಕ್ಷಾಂತರ ಜನ ಸೇರಿದರು. ಆದರೆ ಪಾನನಿಷೇಧದ ರಾಜಕೀಯ, ಭಾಷಣಗಾರರ ಹೆಸರಿನ ಹಂಬಲ ಒಳಗೆ ನುಗ್ಗಿದವು. ದಶಕ ಮುಗಿಯೋದರೊಳಗೆ ಸಂಘ ಕರಗಿಹೋಯಿತು. ಎಎ ಇದರಿಂದ ಪಾಠ ಕಲಿಯಿತು. ಪಾನನಿಷೇಧ ಬೇಕೋ ಬೇಡವೋ, ಅದು ಅಭಿಪ್ರಾಯ ಹೇಳಲ್ಲ. ಪತ್ರಿಕೆಯಲ್ಲಿ ಸದಸ್ಯರ ಹೆಸರು ಹಾಕಲ್ಲ. ಸೇರೋಕೆ ಒಂದೇ ಅರ್ಹತೆ: ಕುಡಿತ ಬಿಡುವ ಆಸೆ.

ಮೊದಲೆಲ್ಲಾ ಸಭೆ ಸಿಗೋದೇ ಕಷ್ಟವಿತ್ತು. 1939ರಲ್ಲಿ ಪುಸ್ತಕ ಬಂತು. ದೂರದೂರಿನವರು ಓದಿ ತಾವೇ ಗುಂಪು ಕಟ್ಟಿಕೊಂಡರು. 1941ರಲ್ಲಿ 'ಸ್ಯಾಟರ್ಡೇ ಈವನಿಂಗ್ ಪೋಸ್ಟ್' ಪತ್ರಿಕೆ ಲೇಖನ ಬರೆದ ಮೇಲೆ, ಸುಮಾರು 2,000 ಇದ್ದ ಸದಸ್ಯರು ಅದೇ ವರ್ಷದ ಕೊನೆಗೆ ಸುಮಾರು 8,000 ಆದರು. 1950ರ ದಶಕದಲ್ಲಿ ಎಎ ಭಾರತಕ್ಕೂ ಬಂತು. ನಮ್ಮಲ್ಲೂ ಇದೇ ಯೋಚನೆ ಬೇರೆ ರೂಪದಲ್ಲಿದೆ: ಧರ್ಮಸ್ಥಳ ಯೋಜನೆಯ ಮದ್ಯವರ್ಜನ ಶಿಬಿರ ಮುಗಿಸಿದವರು ಊರಲ್ಲಿ 'ನವಜೀವನ ಸಮಿತಿ' ಮಾಡಿಕೊಂಡು ಒಬ್ಬರಿಗೊಬ್ಬರು ಕಾವಲಾಗಿರ್ತಾರೆ.

ಈಗ ಸಭೆ ಹುಡುಕೋಕೆ ಮೊಬೈಲ್ ಸಾಕು. ಎಎ ವೆಬ್‌ಸೈಟಿನಲ್ಲಿ ಊರು ಹಾಕಿ ನೋಡಿ. ಆನ್‌ಲೈನ್ ಸಭೆಗಳೂ ಇವೆ. 'ಓಪನ್' ಅಂತಿದ್ದರೆ ಯಾರು ಬೇಕಾದರೂ ಹೋಗಬಹುದು. 'ಕ್ಲೋಸ್ಡ್' ಅಂದರೆ ಕುಡಿತ ಬಿಡಬೇಕು ಅನ್ನೋರಿಗೆ ಮಾತ್ರ. ಶುಲ್ಕ ಇಲ್ಲ, ಪೂರ್ತಿ ಹೆಸರು ಕೇಳಲ್ಲ. ಮಾತಾಡೋಕೆ ಇಷ್ಟ ಇಲ್ಲದಿದ್ದರೆ ಸುಮ್ಮನೆ ಕೂತು ಕೇಳಿ. ಒಂದು ಗುಂಪು ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಿ.

ಒಂದು ಎಚ್ಚರಿಕೆ. ದಿನಾ ವಿಪರೀತ ಕುಡಿಯುವವರು ದಿಢೀರ್ ಅಂತ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ ಆಗಬಹುದು. ಮೊದಲು ಡಾಕ್ಟರನ್ನು ನೋಡಬೇಕು. ಸರ್ಕಾರದ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು.

ಕುಡಿಯೋದು ನೀವಲ್ಲ, ಮನೆಯಲ್ಲಿ ಅಪ್ಪ ಅಥವಾ ಅಣ್ಣ ಅಂತಾದರೆ? ನಿಮಗೂ ಜಾಗ ಇದೆ. ಬಿಲ್‌ನ ಹೆಂಡತಿ ಲೋಯಿಸ್ 1951ರಲ್ಲಿ ಶುರುಮಾಡಿದ 'ಅಲ್-ಅನಾನ್' ಮನೆಯವರಿಗಾಗಿಯೇ ಇರೋದು.

ಮೊದಲ ಸಭೆಯ ಬಾಗಿಲಲ್ಲಿ ಬಹಳ ಜನ ನಾಚಿಕೆಯಿಂದ ವಾಪಸ್ ಹೋಗ್ತಾರೆ. ಕೈಚಾಚಿ ಬೇಡೋಕೆ ಬಂದಿದ್ದೀನಿ ಅನ್ನಿಸುತ್ತೆ. ಆದರೆ ಈ ಇತಿಹಾಸ ಹೇಳೋದೇ ಬೇರೆ. ಒಳಗೆ ಕೂತವರಿಗೆ ಹೊಸಬರು ಹೊರೆಯಲ್ಲ. ಅವತ್ತು ಬಿಲ್‌ಗೆ ಬಾಬ್ ಬೇಕಾಗಿದ್ದಷ್ಟೇ, ಇವತ್ತು ಅವರಿಗೆ ನೀವು ಬೇಕು.

ಯಾರಿಗಾದರೂ ಉಪಯೋಗ ಆಗುತ್ತೆ ಅನ್ನಿಸಿದರೆ ಈ ಕಂತನ್ನು ಅವರಿಗೆ ಕಳಿಸಿ. ಮತ್ತೆ ಸಿಗೋಣ.