ಕೆಳದಿಯ ಸೀಮೆಯಲ್ಲಿ ಋತುಪಾಕ

ಅಡುಗೆಯು ಒಲೆಯ ಬಳಿಯಲ್ಲಿ ಆರಂಭವಾಗುವುದೆಂದು ಸಾಮಾನ್ಯರ ಭಾವನೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಹಳೆಯ ಮನೆಗಳಲ್ಲಿ ಅದು ಹಿತ್ತಿಲಿನಲ್ಲಿಯೂ ಹಳ್ಳದ ದಂಡೆಯಲ್ಲಿಯೂ ಸಂತೆಯ ಬುಟ್ಟಿಯಲ್ಲಿಯೂ ಆರಂಭವಾಗುತ್ತಿದ್ದಿತು. ಯಾವ ಮಳೆಗೆ ಯಾವ ಸೊಪ್ಪು, ಯಾವ ಬಿಸಿಲಿಗೆ ಯಾವ ಕಾಯಿ ಎಂಬುದನ್ನು ಅರಿತ ಬಳಿಕವೇ ಪಾತ್ರೆಯನ್ನು ಒಲೆಗೇರಿಸುವುದು ವಾಡಿಕೆ. ಈ ವಾಡಿಕೆಯು ಗ್ರಂಥದಿಂದ ಮನೆಗೆ ಇಳಿಯಿತೋ, ಮನೆಯಿಂದ ಗ್ರಂಥಕ್ಕೆ ಏರಿತೋ ಎಂಬುದು ವಿಚಾರಾರ್ಹವಾದ ವಿಷಯವಾಗಿದೆ.

ಕನ್ನಡಿಗರಿಗೆ ಪಾಕವಿಚಾರವು ಹೊಸದಲ್ಲ. 11ನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡುಗೆಗೂ ಸ್ಥಾನವುಂಟು. 16ನೆಯ ಶತಮಾನದ ಆದಿಭಾಗದಲ್ಲಿದ್ದ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ರಚಿಸಿ, ಬದನೆ, ಹಲಸು, ಬಾಳೆ, ಕಳಲೆ, ನೆಲ್ಲಿಗಳ ಪಾಕವನ್ನು ವಿವರಿಸಿದನು. ಇನ್ನು ಈ ಸೀಮೆಯನ್ನೇ ಆಳಿದ ಕೆಳದಿಯ ಬಸವರಾಜನು 1709ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ವೆಂಬ ಮಹಾಕೋಶದಲ್ಲಿ ಸಕಲ ವಿದ್ಯೆಗಳೊಡನೆ ಪಾಕಶಾಸ್ತ್ರವೂ ಸೇರಿದೆ. ಕೆಳದಿ, ಇಕ್ಕೇರಿಗಳ ತರುವಾಯ ರಾಜಧಾನಿಯಾದ ಬಿದನೂರು ಇಂದು ಹೊಸನಗರ ತಾಲ್ಲೂಕಿನ ನಗರ. 1763ರಲ್ಲಿ ಅದು ಹೈದರಾಲಿಯ ವಶವಾಯಿತು. ಅರಮನೆಯ ಅಡುಗೆಯ ಒಲೆ ಆರಿತು. ಪ್ರಜೆಗಳ ಮನೆಯ ಒಲೆಯಾದರೋ ಆರಲಿಲ್ಲ.

ವಾಗ್ಭಟನ ‘ಅಷ್ಟಾಂಗಹೃದಯ’ದ ಋತುಚರ್ಯಾಧ್ಯಾಯವು ಗ್ರೀಷ್ಮದಲ್ಲಿ ಶೀತವೂ ಲಘುವೂ ದ್ರವವೂ ಆದ ಆಹಾರವನ್ನು, ವರ್ಷಾಕಾಲದಲ್ಲಿ ಜಠರಾಗ್ನಿಯು ಮಂದವಾಗುವ ಕಾರಣ ಹುಳಿ ಉಪ್ಪುಗಳಿಂದ ಕೂಡಿದ ಆಹಾರವನ್ನು, ಶರದೃತುವಿನಲ್ಲಿ ಕಹಿಯಾದುದನ್ನು ವಿಧಿಸುತ್ತದೆ. ಮಲೆನಾಡಿನ ಗೃಹಿಣಿಯು ಈ ಅಧ್ಯಾಯವನ್ನು ಓದಿದವಳಲ್ಲ. ಆದರೂ ಬೇಸಗೆಯಲ್ಲಿ ಆಕೆ ಮಜ್ಜಿಗೆ ಬೆರೆಸಿದ ಒಂದೆಲಗದ ತಂಬುಳಿಯನ್ನೂ ಅಪ್ಪೆಹುಳಿಯನ್ನೂ ಬಡಿಸುವಳು. ಮಳೆ ಹಿಡಿದಾಗ ಗಂಜಿಯೊಡನೆ ಉಪ್ಪಿನಲ್ಲಿ ನೆನೆದ ಮಿಡಿಯನ್ನು ಕೊಡುವಳು. ಮಳೆ ಹಿಂದೆಗೆದ ಮೇಲೆ ಹಾಗಲವನ್ನು ಹೆಚ್ಚುವಳು. ಶಾಸ್ತ್ರವೂ ಅನುಭವವೂ ಬೇರೆ ಬೇರೆ ದಾರಿಯಿಂದ ಒಂದೇ ತಾಣವನ್ನು ಸೇರಿದುವೆನ್ನಬೇಕು.

ಈ ಅನುಭವದ ಸೂಕ್ಷ್ಮತೆಯು ಸಾಮಾನ್ಯವಾದುದಲ್ಲ. ಕಳಲೆಯಲ್ಲಿ ಸಹಜವಾದ ವಿಷಾಂಶವುಂಟು. ಅದನ್ನು ಹೆಚ್ಚಿ ಎರಡು ಮೂರು ದಿನ ನೀರಿನಲ್ಲಿಟ್ಟು, ದಿನದಿನವೂ ಆ ನೀರನ್ನು ಚೆಲ್ಲಿ ಬದಲಾಯಿಸಿದ ಮೇಲೆಯೇ ಬೇಯಿಸುವರು. ಕೆಸುವಿನ ಎಲೆಯ ತುರಿಕೆಗೆ ಹುಣಿಸೆಯ ಹುಳಿಯೇ ಮದ್ದು. ಆದಕಾರಣ ಪತ್ರೊಡೆಯ ಹಿಟ್ಟಿಗೆ ಹುಳಿಯನ್ನು ಧಾರಾಳವಾಗಿ ಸೇರಿಸುವರು. ಅಪ್ಪೆಮಿಡಿಯನ್ನು ನೆಲಕ್ಕೆ ಉದುರಿಸದೆ, ಸೊನೆಯ ಪರಿಮಳ ಕೆಡದಂತೆ ತೊಟ್ಟಿನೊಡನೆ ಕೊಯ್ಯುವರು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7000 ಮಿಲಿಮೀಟರಿಗೂ ಮೇಲ್ಪಟ್ಟು ಮಳೆ ಸುರಿಯುವುದು. ಹಳ್ಳ ತುಂಬಿ ಸಂತೆಯ ದಾರಿ ಕಟ್ಟುತ್ತಿದ್ದ ಆ ದಿನಗಳಲ್ಲಿ ಬೇಸಗೆಯ ಹಲಸಿನ ಹಪ್ಪಳವೂ ಉಪ್ಪುನೀರಿನ ತೊಳೆಯೂ ಮನೆಯನ್ನು ಕಾಯುತ್ತಿದ್ದುವು.

ಇದಕ್ಕೆಲ್ಲ ಶಿಖರಪ್ರಾಯವಾದುದು ಆಶ್ವಯುಜದ ಭೂಮಿಹುಣ್ಣಿಮೆ. ಹೊಡೆ ತುಂಬಿದ ಬತ್ತದ ಗದ್ದೆಯನ್ನು ಬಸುರಿಯೆಂದು ಬಗೆದು ಆಕೆಯ ಬಯಕೆಯನ್ನು ಸಲ್ಲಿಸುವ ಹಬ್ಬವಿದು. ದೀವರ ಮನೆಗಳಲ್ಲಿ ಹೆಂಗಸರು ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯ ಬಣ್ಣದಿಂದ ಚಿತ್ತಾರ ಬರೆಯುವರು. ನೂರೊಂದು ಬಗೆಯ ಸೊಪ್ಪುಗಳನ್ನು ಆಯ್ದು ತಂದು ರಾತ್ರಿಯೆಲ್ಲ ಎಚ್ಚರವಿದ್ದು ಹಚ್ಚಂಬಲಿಯನ್ನು ಬೇಯಿಸುವರು. ಬೆಳಗಾಗುವ ಮುನ್ನ ಅದನ್ನು ಗದ್ದೆಗೆ ಬೀರುವರು. ನೂರೊಂದನ್ನು ಹೆಸರಿಸಬಲ್ಲ ಅಜ್ಜಿಯು ಯಾವ ಪಾಠಶಾಲೆಯ ಪಂಡಿತನಿಗೂ ಕಡಮೆಯಾದವಳಲ್ಲ. ಅರಮನೆಯ ಗ್ರಂಥದಲ್ಲಿರುವುದು ಈ ಬಗೆಯ ವಿದ್ಯೆಯ ಒಂದು ಅಂಶವೇ ಹೊರತು ಮೂಲವಲ್ಲವೆಂದು ಇದರಿಂದ ಊಹಿಸಬಹುದು.

1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿಯ ಕಣಿವೆಯು ನೀರಾದಾಗ ಸಾಗರ, ಹೊಸನಗರಗಳ ಅನೇಕ ಗ್ರಾಮಗಳೊಡನೆ ಹೊಳೆಯಂಚಿನ ಅಪ್ಪೆಮರಗಳೂ ಮುಳುಗಿದುವು. ನಾಡಿಗೆ ಬೆಳಕು ದೊರೆಯಿತೆಂಬುದು ದಿಟ. ಅದರ ಬೆಲೆಯಲ್ಲಿ ಈ ಮರಗಳ ಲೆಕ್ಕವೂ ಸೇರಬೇಕು. ಇಂದು ಸಂತೆಗೆ ವರ್ಷವೆಲ್ಲ ಒಂದೇ ಕೋಸು, ಒಂದೇ ಟೊಮ್ಯಾಟೊ ದೂರದಿಂದ ಬರುತ್ತಿವೆ. ಆದರೂ ಮೂಲೆಯಲ್ಲಿ ಗೋಣಿ ಹಾಸಿ, ಆಷಾಢದಲ್ಲಿ ಕಳಲೆಯನ್ನೂ ಚೈತ್ರದಲ್ಲಿ ಮಿಡಿಯನ್ನೂ ಮಾರುವವರು ಇನ್ನೂ ಇದ್ದಾರೆ. ಉಳಿದ ಅಪ್ಪೆಯ ಕೊಂಬೆಗಳಿಗೆ ಕಸಿ ಕಟ್ಟುವ ಕೃಷಿಕರೂ ಇದ್ದಾರೆ. ಗ್ರಂಥವು ಓಲೆಯಲ್ಲಿ ಉಳಿಯುವುದು. ಸೊಪ್ಪಿನ ಹೆಸರು ಕೀಳುವ ಕೈಯಲ್ಲಿ ಮಾತ್ರ ಉಳಿಯುವುದು. ಅಜ್ಜಿಯೊಡನೆ ಮೊಮ್ಮಕ್ಕಳು ಒಂದು ಸಲವಾದರೂ ಬೇಲಿಯ ಬಳಿಗೆ ಹೋಗದಿದ್ದರೆ ಭೂಮಿಹುಣ್ಣಿಮೆಯ ಬುಟ್ಟಿಯಲ್ಲಿ ಚಿತ್ತಾರವಿದ್ದೀತು, ನೂರೊಂದು ಸೊಪ್ಪು ಇರಲಾರದು.