ಜೋಜಿ ಲಾ ದಾಟುವ ಹೊತ್ತು

ಜೋಜಿ ಲಾ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಕೊಡಗಿನ ಜನರಲ್ ತಿಮ್ಮಯ್ಯನವರ ಕಥೆಯಲ್ಲಿ. ಕಾಶ್ಮೀರದಿಂದ ಲಡಾಖಿಗೆ ಹೋಗುವ ಬಾಗಿಲು ಅದು. ಎತ್ತರ ಸುಮಾರು 11,500 ಅಡಿ. ‘ಲಾ’ ಎಂದರೆ ಅಲ್ಲಿಯ ಮಾತಿನಲ್ಲಿ ಬೆಟ್ಟ ದಾಟುವ ದಾರಿ, ನಮ್ಮ ಘಟ್ಟದ ಘಾಟಿಗಳಂತೆ. 1948ರ ನವೆಂಬರ್ 1ರಂದು ತಿಮ್ಮಯ್ಯನವರ ಸೇನೆ ಅಲ್ಲಿಗೆ ಟ್ಯಾಂಕುಗಳನ್ನು ಹತ್ತಿಸಿ ಎದುರಾಳಿಗಳನ್ನು ಬೆಚ್ಚಿಬೀಳಿಸಿತು. ಹಾಗಾಗಿ ಬಹಳ ಕಾಲ ಜೋಜಿ ಲಾ ನನ್ನ ಪಾಲಿಗೆ ಧೈರ್ಯದ ಇನ್ನೊಂದು ಹೆಸರಾಗಿತ್ತು.

ಕೆಲವು ವರ್ಷಗಳ ಹಿಂದೆ, ಏಪ್ರಿಲ್ ಕೊನೆಯಲ್ಲಿ, ಸೋನಮಾರ್ಗದಲ್ಲಿ ನಮ್ಮ ಕಾರಿನ ಚಾಲಕರು ಈ ತಿಳಿವಳಿಕೆಯನ್ನು ತಿದ್ದಿದರು. ಬೆಳಗಿನ ಜಾವವೇ ಹೊರಡಬೇಕೆಂದು ಅವರು ಹೇಳಿದ್ದರು. ನಾವು ಎದ್ದು ತಿಂಡಿ ಮುಗಿಸುವಾಗ ಹತ್ತು ಗಂಟೆ. ಆಕಾಶ ತಿಳಿಯಾಗಿತ್ತು, ಬಿಸಿಲು ಹಿತವಾಗಿತ್ತು. ಅವರು ಮಾತ್ರ ಜೇಬಿನಿಂದ ಕೀಲಿ ತೆಗೆಯಲಿಲ್ಲ. “ಇವತ್ತು ಆಗುವುದಿಲ್ಲ ಸಾಬ್, ಬಿಸಿಲು ಬಿದ್ದಾಯಿತು” ಎಂದರು. ಇಷ್ಟು ಒಳ್ಳೆಯ ಹವೆಯಲ್ಲಿ ಒಂದು ದಿನ ಹಾಳಾಯಿತಲ್ಲ ಎಂದು ನಾನು ಗೊಣಗಿದೆ. ಮಧ್ಯಾಹ್ನ ಎರಡರ ಹೊತ್ತಿಗೆ ಎದುರಿನ ಬೆಟ್ಟದಲ್ಲಿ ಲಾರಿ ಜಲ್ಲಿ ಸುರಿದಂಥ ಸದ್ದು. ಬೆಳ್ಳಗಿನ ಹೊಳೆಯೊಂದು ಯಾವುದಕ್ಕೂ ನಿಲ್ಲದೆ, ಇಳಿಜಾರಿನ ಪೊದೆಗಳನ್ನು ನುಂಗುತ್ತ ಇಳಿಯುತ್ತಿತ್ತು. ನನ್ನ ಗೊಣಗಾಟ ಅಲ್ಲಿಗೆ ನಿಂತಿತು.

ಊರಿಗೆ ಬಂದ ಮೇಲೆ ಜೋಜಿ ಲಾದ ಚರಿತ್ರೆಯನ್ನು ಮತ್ತೆ ಓದಿದೆ. ಈ ಸಲ ಇಸವಿಗಿಂತ ತಿಂಗಳುಗಳನ್ನು ಗಮನಿಸಿದೆ. ಇಟಲಿಯ ಜೆಸ್ವಿಟ್ ಪಾದ್ರಿ ಇಪ್ಪೊಲಿಟೊ ದೆಸಿದೇರಿ 1715ರಲ್ಲಿ ಶ್ರೀನಗರ ಬಿಟ್ಟದ್ದು ಮೇ 17ಕ್ಕೆ, ಲೇಹ್ ತಲುಪಿದ್ದು ಜೂನ್ ಕೊನೆಗೆ. ಕೆ2 ಏರಲು ಹೊರಟ ಅಬ್ರುಝಿಯ ಡ್ಯೂಕ್ 1909ರಲ್ಲಿ ಇಲ್ಲಿ ದಾಟಿದ್ದೂ ವಸಂತದಲ್ಲೇ. ಹಿಮ ಪೂರ್ತಿ ಕರಗಲಿ ಎಂದು ಕಾದರೆ ಮುಂದಿನ ಪಯಣಕ್ಕೆ ಬೇಸಿಗೆ ಸಾಲದು, ಬೇಗ ಹೊರಟರೆ ಹಿಮ ಮೈಮೇಲೆ ಬೀಳಬಹುದು. ಈ ಇಕ್ಕಟ್ಟಿನಲ್ಲಿ ಪ್ರವಾಸಿಗಳ ಹೊರೆ ಹೊತ್ತು ದಾಟಿಸಿದವರು ಬೆಟ್ಟದ ಕೂಲಿಗಳು. ಪುಸ್ತಕಗಳಲ್ಲಿ ಅವರ ತಲೆಲೆಕ್ಕ ಸಿಗುತ್ತದೆ, ಹೆಸರು ಸಿಗುವುದು ಅಪರೂಪ.

ವಸಂತದ ಹಿಮಕುಸಿತದ ಗುಟ್ಟೆಲ್ಲ ಹೊತ್ತಿನಲ್ಲಿದೆ. ಹಗಲು ಬಿಸಿಲಿಗೆ ಮೇಲಿನ ಹಿಮ ಕರಗುತ್ತದೆ. ಆ ನೀರು ಒಳಗಿಳಿದು ಹಿಮದ ಹರಳುಗಳ ನಡುವಿನ ಹಿಡಿತವನ್ನು ಸಡಿಲಿಸುತ್ತದೆ. ರಾತ್ರಿಯ ಚಳಿಗೆ ಮತ್ತೆ ಹೆಪ್ಪುಗಟ್ಟಿ ಗಟ್ಟಿಯಾಗುತ್ತದೆ. ಆದ್ದರಿಂದ ಬೆಳಗಿನ ಜಾವ ಕಲ್ಲಿನಂತಿದ್ದ ಇಳಿಜಾರು ಮಧ್ಯಾಹ್ನಕ್ಕೆ ಬಲೆಯಾಗುತ್ತದೆ. ಮೋಡ ಕವಿದ ರಾತ್ರಿಯಲ್ಲಿ ಇಬ್ಬನಿ ಬೀಳದೆಂದು ನಮ್ಮ ರೈತರಿಗೆ ಗೊತ್ತು. ಅದೇ ಕಾರಣಕ್ಕೆ ಅಂಥ ರಾತ್ರಿ ಹಿಮವೂ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ, ಮರುದಿನ ಬೆಳಿಗ್ಗೆಯೇ ಅಪಾಯ. ಮೂಡಣಕ್ಕೆ ಮುಖ ಮಾಡಿದ ಇಳಿಜಾರು ಮೊದಲು ಸಡಿಲಗೊಳ್ಳುತ್ತದೆ, ಪಡುವಣದ್ದು ಆಮೇಲೆ. ಹಿಮದ ಉಂಡೆಗಳು ತಾವಾಗಿ ಉರುಳತೊಡಗಿದರೆ, ಕಾಲು ಮೊಣಕಾಲಿನವರೆಗೆ ಹೂತರೆ, ಹಿಂತಿರುಗುವ ಹೊತ್ತು ಬಂದಿದೆ ಎಂದರ್ಥ.

ಇದು ತಿಳಿದ ಮೇಲೆ 1948ರದೇ ಇನ್ನೊಂದು ಕಥೆ ನನಗೆ ಟ್ಯಾಂಕುಗಳ ಕಥೆಯಷ್ಟೇ ದೊಡ್ಡದಾಗಿ ಕಂಡಿತು. ಲೇಹ್ ಕೈತಪ್ಪುವ ಭಯವಿದ್ದಾಗ, ಫೆಬ್ರವರಿ ನಡುವೆ, ಪೃಥ್ವಿ ಚಂದ್ ಮತ್ತು ಕುಶಾಲ್ ಚಂದ್ ಎಂಬ ಇಬ್ಬರು ಅಧಿಕಾರಿಗಳು ಸುಮಾರು ನಲವತ್ತು ಜನರ ತುಕಡಿಯೊಂದಿಗೆ ಶ್ರೀನಗರದಿಂದ ಹೊರಟರು. ಹಿಮ ತುಂಬಿದ ಜೋಜಿ ಲಾ ದಾಟಿ ಮಾರ್ಚ್ 8ಕ್ಕೆ ಲೇಹ್ ಸೇರಿದರು. ದಾರಿಯ ಹಿಮವನ್ನು ಮೊದಲೇ ಬೀಳಿಸಲು ಡೋಲು, ಕಹಳೆ ಬಾರಿಸಿದರೆಂಬ ಕಥೆಯೂ ಇದೆ. ಆದರೆ ಅಂಥ ಸದ್ದಿಗೆ ಹಿಮ ಜಾರುವುದಿಲ್ಲ ಎಂಬುದು ಇಂದಿನ ತಜ್ಞರ ಮಾತು. ಹಿಮವನ್ನು ಜಾರಿಸುವುದು ಭಾರ ಮತ್ತು ಬಿಸಿ. ಅವರನ್ನು ಕಾಪಾಡಿದ್ದು ಡೋಲಲ್ಲ, ಬದುಕಿನುದ್ದಕ್ಕೂ ಕಲಿತ ಹಿಮದ ಓದು ಎಂದು ನನಗನ್ನಿಸುತ್ತದೆ. ಇಬ್ಬರೂ ಲಾಹೌಲ್‌ನವರು. ಚಳಿಗಾಲವಿಡೀ ಹಿಮದಿಂದ ಹೊರಜಗತ್ತಿನ ನಂಟು ಕಡಿದುಹೋಗುತ್ತಿದ್ದ ಸೀಮೆ ಅದು.

ಅವರ ಜೊತೆಗಿದ್ದ ಲಡಾಖಿ ಎಂಜಿನಿಯರ್ ಸೋನಂ ನೋರ್ಬು ಸಿಂಧೂ ನದಿಯ ಬದಿಯಲ್ಲಿ ವಿಮಾನ ಇಳಿಯುವ ಪಟ್ಟಿ ಸಿದ್ಧಪಡಿಸಿದರು. ಮೇ 24ರಂದು ಮೆಹರ್ ಸಿಂಗ್ ಅಲ್ಲಿ ಮೊದಲ ಡಕೋಟಾ ಇಳಿಸಿದಾಗ ಅದರಲ್ಲಿ ತಿಮ್ಮಯ್ಯನವರೂ ಇದ್ದರು. ನಾನು ಬಾಲ್ಯದಿಂದ ಕೇಳಿದ ವೀರಗಾಥೆಯ ಹಿಂದೆ ಹಿಮವನ್ನು ಬಲ್ಲ ಜನರ ಕಾಲ್ನಡಿಗೆಯೊಂದಿತ್ತು.

ಈಗ ಜೋಜಿ ಲಾದ ಅಡಿಯಲ್ಲಿ ಸುಮಾರು 13 ಕಿಲೋಮೀಟರ್ ಉದ್ದದ ಸುರಂಗದ ಕೆಲಸ ನಡೆದಿದೆ. ಅದು ಮುಗಿದ ಮೇಲೆ ಸುರಂಗದಲ್ಲಿ ಹೋಗುವವರು ಹೊತ್ತು ನೋಡಬೇಕಿಲ್ಲ. ಆದರೆ ಏಪ್ರಿಲ್, ಮೇ ರಜೆಯಲ್ಲಿ ಬೆಂಗಳೂರಿನಿಂದ ಚಾರಣಕ್ಕೆ ಹೋಗುವ ಹುಡುಗ ಹುಡುಗಿಯರಿಗೆ ಹಿಮಾಲಯದ ಬೇರೆ ಇಳಿಜಾರುಗಳು ಕಾದಿವೆ. ಕತ್ತಲಿರುವಾಗಲೇ ಹೊರಡಿ, ಕಡಿದಾದ ಜಾಗವನ್ನು ಬಿಸಿಲೇರುವ ಮೊದಲು ಮುಗಿಸಿ. ಸಾಲಾಗಿ ಬೇಡ, ಒಬ್ಬೊಬ್ಬರಾಗಿ ದಾಟಿ, ಉಳಿದವರು ಸುರಕ್ಷಿತ ಜಾಗದಿಂದ ನೋಡುತ್ತಿರಲಿ. ಹಿಮದಡಿ ಸಿಕ್ಕವರಲ್ಲಿ ಹೆಚ್ಚಿನವರು ಬದುಕುವುದು ಮೊದಲ ಹತ್ತು ಹದಿನೈದು ನಿಮಿಷಗಳಲ್ಲಿ ಹೊರತೆಗೆದರೆ ಮಾತ್ರ. ಆ ಹೊತ್ತಿನಲ್ಲಿ ಜೊತೆಗಾರರ ಕೈಯಲ್ಲಿ ಸಲಿಕೆ ಇರಬೇಕು, ಹೊರಗಿನ ಸಹಾಯ ಬರುವಷ್ಟರಲ್ಲಿ ತಡವಾಗಿರುತ್ತದೆ.

ಮರುದಿನ ಮೂರು ಗಂಟೆಗೆ ಚಾಲಕರು ಬಾಗಿಲು ಬಡಿದಾಗ ನಾನು ಬೂಟು ಹಾಕಿಕೊಂಡು ಕೂತಿದ್ದೆ. ಟಾರ್ಚ್ ಬೆಳಕಿನಲ್ಲಿ ಅವರು ಅಂಗಳದ ಹಿಮವನ್ನು ಕಾಲಿನಿಂದ ಒದ್ದು ನೋಡಿದರು. ಟಕ್ ಎಂದಿತು. “ಈಗ ಹೋಗೋಣ” ಎಂದರು.